ರಾಜನ ಬಾಯಿ ತೆರೆಯಲು ಓಡಿದ ಕತ್ತೆಕಿರುಬ

ಮಕ್ಕಳೇ, ಈಜಿಪ್ಟಿನಲ್ಲಿ ನೈಲ್ ಅನ್ನುವ ದೊಡ್ಡ ನದಿ ಹರಿಯುತ್ತದೆ. ಬಹಳ ಹಿಂದೆ ಅದರ ದಡದ ಜೊಂಡುಕಾಡನ್ನು ಒಬ್ಬ ಮುದಿ ಸಿಂಹರಾಜ ಆಳುತ್ತಿದ್ದ. ಒಳ್ಳೆಯವನು. ಹೊಟ್ಟೆ ತುಂಬಿದಾಗ ಯಾರನ್ನೂ ಹೆದರಿಸುತ್ತಿರಲಿಲ್ಲ. ಒಂದು ಸಿಂಹಕ್ಕೆ ಅಷ್ಟು ಒಳ್ಳೆಯತನ ಸಾಲದೆ?

ಮರಳುಗಾಡಿನ ತೋಳಗಳು ಈ ಕಾಡಿಗೆ ನುಗ್ಗಲು ಎರಡೇ ದಾರಿ ಇದ್ದವು. ಮೇಲಿನ ಕಣಿವೆಯನ್ನು ದಂಡನಾಯಕ ಖೇಟಿ ಕಾಯುತ್ತಿದ್ದ. ಅವನೊಬ್ಬ ಕತ್ತೆಕಿರುಬ. ಕೆಳಗಿನ ಕಣಿವೆಯನ್ನು ದಂಡನಾಯಕಿ ಇಪಿ ಕಾಯುತ್ತಿದ್ದಳು. ಅವಳು ಕಾಡುಹಂದಿ. ಇವರಿಬ್ಬರನ್ನು ನಂಬಿಕೊಂಡು ಜಿಂಕೆಗಳು ಮರಿ ಹಾಕಿ ನೆಮ್ಮದಿಯಾಗಿ ಮೇಯುತ್ತಿದ್ದವು.

ರಾಜನಿಗೆ ಮಕ್ಕಳಿರಲಿಲ್ಲ. ಆ ಕಾಡಿನಲ್ಲಿ ಒಂದು ಪದ್ಧತಿಯಿತ್ತು. ರಾಜ ಸತ್ತರೆ ಮಣ್ಣು ಮಾಡುವ ಮೊದಲು ಅವನ ಬಾಯಿಯನ್ನು ಮುಟ್ಟಿ ತೆರೆಯಬೇಕು. ಇಲ್ಲದಿದ್ದರೆ ಆಚೆ ಲೋಕದಲ್ಲಿ ಅವನು ಉಣ್ಣಲಾರ, ಮಾತಾಡಲಾರ. ಇದು ಮಗನ ಕೆಲಸ. ಮಗನಿಲ್ಲದಿದ್ದರೆ ಯಾರು ಬಾಯಿ ತೆರೆಯುತ್ತಾರೋ ಅವರಿಗೇ ಪಟ್ಟ.

ರಾಜ ಕಾಯಿಲೆ ಬಿದ್ದ ದಿನದಿಂದ ಖೇಟಿಗೆ ಬೇರೆ ಯೋಚನೆಯೇ ಇಲ್ಲ. ಬೆಳಗಾದರೆ ಅಭ್ಯಾಸ ಶುರು. ಕಾವಲಿನವರನ್ನೆಲ್ಲ ಸಾಲಾಗಿ ಮಲಗಿಸಿ ಒಬ್ಬೊಬ್ಬರ ಬಾಯಿ ತೆರೆಯುತ್ತಿದ್ದ.

"ಹೆಣದ ಹಾಗೆ ಬಿದ್ಕೊಳೋ! ಹೆಣ ಎಲ್ಲಾದರೂ ಬಾಲ ಆಡಿಸುತ್ತದೆಯೇ?"

"ನೊಣ ಕೂತಿದೆ ದಣಿ."

"ಹೆಣಕ್ಕೇನೋ ನೊಣದ ಚಿಂತೆ? ಬಾಯಿ ಮುಚ್ಚು, ನಾನು ತೆರೆಯಬೇಕು."

ಹೀಗೆ ಎಲ್ಲರೂ ಹೆಣಗಳಾಗಿ ಮಲಗಿದ ಮೇಲೆ ಮರಳುಗಾಡಿನ ಕಡೆ ನೋಡುವವರು ಯಾರು? ದೂರದ ದಿಬ್ಬದ ಮೇಲಿಂದ ತೋಳಗಳು ಮಾತ್ರ ಇವರನ್ನು ನೋಡುತ್ತಿದ್ದವು.

ಒಂದು ಮಧ್ಯಾಹ್ನ ಕೊಕ್ಕರೆ ಹಾರಿ ಬಂತು. "ರಾಜರು ಕಣ್ಣು ಮುಚ್ಚಿದ್ದಾರೆ. ಉಸಿರೇ ಕಾಣುತ್ತಿಲ್ಲ!"

"ಎಲ್ಲರೂ ಹೊರಡಿ!" ಎಂದ ಖೇಟಿ.

"ಎಲ್ಲರೂ ಹೋದರೆ ಕಣಿವೆಗೆ ಯಾರು ದಣಿ?"

"ಆ ಹಂದಿ ತನ್ನ ದಂಡು ಕಟ್ಟಿಕೊಂಡು ಬಂದರೇನು ಮಾಡ್ತೀಯ? ಮೊದಲು ಪಟ್ಟ, ಆಮೇಲೆ ಕಣಿವೆ. ನಡೀರಿ!"

ಕೊಕ್ಕರೆ ಇಪಿಯ ಬಳಿಗೂ ಹೋಯಿತು. ಸುದ್ದಿ ಕೇಳಿ ಇಪಿ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಮರಿಯಾಗಿ ನೆರೆಯಲ್ಲಿ ಕೊಚ್ಚಿಹೋಗುತ್ತಿದ್ದಾಗ ಎಳೆದು ದಡ ಸೇರಿಸಿದವನು ಈ ಸಿಂಹವೇ.

"ಹೊರಡೋಣವೇ ಅಮ್ಮಾ?" ಎಂದು ಸೈನಿಕರು ಕೇಳಿದರು.

"ಹೋಗಬೇಕೆಂದು ಜೀವ ಎಳೆಯುತ್ತಿದೆ. ಆದರೆ ರಾಜ ಸತ್ತರೂ ತೋಳ ಸತ್ತಿಲ್ಲವಲ್ಲ," ಎಂದಳು ಇಪಿ. ಅಲ್ಲಿಂದ ಕದಲಲಿಲ್ಲ.

ಅತ್ತ ಖೇಟಿ ಏದುಸಿರು ಬಿಡುತ್ತಾ ಸಂಜೆಗೆ ರಾಜನ ಗುಹೆ ಸೇರಿದ. ಬೇರೆ ಯಾರೂ ಬಂದಿರಲಿಲ್ಲ. ಅಭ್ಯಾಸ ಮಾಡಿದಂತೆಯೇ ಮುಂಗಾಲನ್ನು ಸಿಂಹದ ತುಟಿಗೆ ಮೆಲ್ಲಗೆ ಒತ್ತಿದ.

ಬಾಯಿ ತಾನಾಗಿಯೇ ತೆರೆಯಿತು! ಸಿಂಹ ಸತ್ತಿರಲಿಲ್ಲ, ಜ್ವರಕ್ಕೆ ಎಚ್ಚರ ತಪ್ಪಿ ಬಿದ್ದಿದ್ದ ಅಷ್ಟೆ.

"ಖೇಟಿ, ನೀನು ಇಲ್ಲಿದ್ದೀಯ," ಎಂದ ಸಿಂಹ ನಿಧಾನವಾಗಿ. "ಕಣಿವೆಯಲ್ಲಿ ಯಾರಿದ್ದಾರಪ್ಪಾ?"

ಖೇಟಿ ಹಿಂದೆ ತಿರುಗಿ ನೋಡಿದ. ಅವನ ದಂಡೆಲ್ಲ ಗುಹೆಯ ಬಾಗಿಲಲ್ಲೇ ನಿಂತಿತ್ತು.

ಅಷ್ಟರಲ್ಲಿ ಒಂದು ತಾಯಿಜಿಂಕೆ ಓಡಿ ಬಂತು. "ಒಡೆಯಾ, ಮೇಲಿನ ಕಣಿವೆಯಿಂದ ತೋಳಗಳು ನುಗ್ಗಿದವು. ನಮ್ಮ ಕೂಗು ಕೇಳಿ ಇಪಿಯಮ್ಮ ತನ್ನ ಅರ್ಧ ದಂಡು ತಂದು ಅವುಗಳನ್ನು ಓಡಿಸಿದಳು. ಇಲ್ಲದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ. ಆದರೆ ನನ್ನ ಮರಿ..."

ಸಿಂಹ ಕಷ್ಟಪಟ್ಟು ತಲೆ ಎತ್ತಿದ. ಎಲ್ಲರಿಗೂ ಕೇಳುವಂತೆ ಹೇಳಿದ: "ನಾನು ಸತ್ತಾಗ, ಇವತ್ತು ಇಲ್ಲಿಗೆ ಬಾರದವಳು ನನ್ನ ಬಾಯಿ ತೆರೆಯಲಿ."

ಕೆಲವು ದಿನಗಳಲ್ಲಿ ರಾಜ ನಿಜವಾಗಿಯೇ ಸತ್ತ. ಕೊಕ್ಕರೆ ಇಪಿಯನ್ನು ಕರೆಯಲು ಹೋಯಿತು. ಅವಳು ಈಗ ಮೇಲಿನ ಕಣಿವೆಯಲ್ಲಿದ್ದಳು.

"ಎರಡು ಕಣಿವೆಯ ಹೊಣೆಯೂ ಈಗ ನನ್ನ ಮೇಲಿದೆ. ಬಿಟ್ಟು ಬರಲಾರೆ. ಪಟ್ಟ ಬೇರೆ ಯಾರಿಗಾದರೂ ಕಟ್ಟಿ," ಎಂದುಬಿಟ್ಟಳು.

ಪ್ರಾಣಿಗಳು ಮುಖ ಮುಖ ನೋಡಿಕೊಂಡವು. ಆಗ ಮರಿ ಕಳೆದುಕೊಂಡ ಆ ಜಿಂಕೆ ಹೇಳಿತು: "ಅವಳು ಬರಲಾರಳು ಅಂದರೆ ರಾಜರನ್ನೇ ಅಲ್ಲಿಗೆ ಹೊತ್ತುಕೊಂಡು ಹೋಗೋಣ."

ಹಾಗೇ ಮಾಡಿದರು. ಕಣಿವೆಯ ಬಾಯಲ್ಲಿ, ಒಂದು ಕಣ್ಣು ಮರಳುಗಾಡಿನ ಮೇಲಿಟ್ಟುಕೊಂಡೇ ಇಪಿ ರಾಜನ ಬಾಯಿ ತೆರೆದಳು. ಅವಳ ಕಣ್ಣೀರು ಅವನ ಮುಖದ ಮೇಲೆ ಬಿತ್ತು. ಪದ್ಧತಿಯಂತೆ ಪಟ್ಟವೂ ಅಲ್ಲೇ ಅವಳದಾಯಿತು.

ಚಟ್ಟದ ಒಂದು ಮೂಲೆಗೆ ಹೆಗಲು ಕೊಟ್ಟಿದ್ದವನು ಖೇಟಿ. ಯಾರೂ ಕರೆದಿರಲಿಲ್ಲ, ತಾನಾಗಿಯೇ ಬಂದಿದ್ದ. ಎಲ್ಲರ ಬಾಯಿ ತೆರೆಸಿದ್ದವನು ದಾರಿಯುದ್ದಕ್ಕೂ ತುಟಿಪಿಟಕ್ಕೆನ್ನಲಿಲ್ಲ. ಅವನ ಪಕ್ಕದಲ್ಲೇ ಆ ತಾಯಿಜಿಂಕೆ ಒಂಟಿಯಾಗಿ ನಡೆಯುತ್ತಿತ್ತು.

ನೀತಿ: ಪಟ್ಟದ ಆಸೆಗೆ ಹೊಣೆ ಬಿಟ್ಟು ಓಡಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ, ಅವನ ತಪ್ಪಿನ ಬೆಲೆಯನ್ನು ಅವನನ್ನು ನಂಬಿದವರು ತೆರುತ್ತಾರೆ.