ಗಿರಣಿಯೊಳಗಿನ ಮಾತು

ಕಿವುಡ ಮಕ್ಕಳ ಶಾಲೆಯಲ್ಲಿ ಓದು ಮುಗಿಸಿದ ಮುಕ್ತಾಳನ್ನು ಅಲ್ಲಿ ಪಾಠ ಹೇಳುವ ಅಕ್ಕೋರು ಗುರುಸಿದ್ದಪ್ಪನ ಹಿಟ್ಟಿನ ಗಿರಣಿಗೆ ಕರೆತಂದರು. ಇಲ್ಲೂ ಕೆಲಸ ಸಿಗದಿದ್ದರೆ ಹುಡುಗಿ ಮನೆಯ ಮೂಲೆ ಹಿಡಿಯಬೇಕಿತ್ತು.

ಗುರುಸಿದ್ದಪ್ಪ ಮೀಸೆ ತಿರುವಿದ. “ಗಿರಣ್ಯಾಗ ನಾ ಹೇಳಿದ್ದು ಕೇಳಬೇಕ್ರಿ ಅಕ್ಕೋರ. ಕಿವಿ ಕೇಳದಾಕಿಗೆ ಹೆಂಗ ಹೇಳ್ಲಿ?”

ಅಕ್ಕೋರು ಅದನ್ನು ಕೈಸನ್ನೆಯಲ್ಲಿ ತಿಳಿಸಿದರು. ಮುಕ್ತಾ ನೆಟ್ಟಗೆ ಹೋಗಿ ಗಿರಣಿಯ ಸ್ವಿಚ್ಚು ಒತ್ತಿ, ಈಗ ಹೇಳಿ ಎಂಬಂತೆ ಅವನೆದುರು ಬಂದು ನಿಂತಳು.

ಗಿರಣಿ ಗಡಗಡ ಶುರುವಾಯಿತು. ಗುರುಸಿದ್ದಪ್ಪ ಏನೋ ಕೂಗಿದ. ಅಕ್ಕೋರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಜೋಳ ತಂದ ಮುದುಕಿಯೊಬ್ಬಳು, ಹಿಟ್ಟು ಸಣ್ಣಗಿರಲಿ ಎಂದು ಎಂದಿನಂತೆ ಬೆರಳುಜ್ಜಿ ತೋರಿಸಿದಳು. ಮುಕ್ತಾ ಜೋಳ ಸುರಿದಳು. ಬಿದ್ದ ಹಿಟ್ಟನ್ನು ಮುಟ್ಟಿ ನೋಡಿ, ಕಲ್ಲು ಇನ್ನಷ್ಟು ಬಿಗಿ ಮಾಡಿ ಎಂದು ಗುರುಸಿದ್ದಪ್ಪನಿಗೆ ಸನ್ನೆ ಮಾಡಿದಳು.

ಅವನು ಬಿಗಿ ಮಾಡಿದ. ಆಮೇಲೆ ತನ್ನ ಕೈಯನ್ನೇ ನೋಡುತ್ತ ನಿಂತ. ಈ ಗದ್ದಲದಲ್ಲಿ ಇಷ್ಟು ವರ್ಷ ಅವನೂ ಕೈಯಲ್ಲೇ ಮಾತಾಡಿದ್ದ.

ಗಿರಣಿ ನಿಲ್ಲಿಸಿ, “ನಾಳೆಯಿಂದ ಬರ್ಲಿ” ಎಂದ. ಅಕ್ಕೋರು ಅದನ್ನೂ ಸನ್ನೆಯಲ್ಲಿ ತಿಳಿಸಿದರು.

ಮುಕ್ತಾ ಬೆರಳು ಗದ್ದಕ್ಕೆ ಮುಟ್ಟಿಸಿ ಕೈ ಮುಂದೆ ಚಾಚಿದಳು.

“ಏನಂತಾಳ?”

“ಉಪಕಾರ ಆತು ಅಂತಾಳ್ರಿ.”

ಈಗ ಅಲ್ಲಿ ಹಿಟ್ಟು ಒಯ್ಯುವವರೆಲ್ಲ ಮುಕ್ತಾಳತ್ತ ಹಾಗೇ ಗದ್ದ ಮುಟ್ಟಿ ಕೈ ಚಾಚುತ್ತಾರೆ. ಮರೆತವರ ಚೀಲವನ್ನು ಗುರುಸಿದ್ದಪ್ಪ ಬಿಡುವುದಿಲ್ಲ.