ಬಾಣಂತಿಕಟ್ಟೆ

ಕೆಳಗಲಹಟ್ಟಿಯ ಹಾದಿಯಲ್ಲಿ ಬರುವವರಿಗೆ ಮೊದಲು ಕಾಣುವುದು ನೀರಲ್ಲ, ಏರಿ. ಎರಡಾಳೆತ್ತರದ ಮಣ್ಣಿನ ಏರಿ. ಅದರ ಮೇಲೆ ಗರಿಕೆ ಬಿಟ್ಟರೆ ಬೇರೊಂದು ಗಿಡವನ್ನು ಬೆಳೆಯಗೊಡುವುದಿಲ್ಲ, ಬೇರು ಇಳಿದರೆ ಏರಿಗೆ ಕೇಡು. ಇದು ಸರ್ಕಾರದ ಕೆರೆಯಲ್ಲ, ಒಂದು ಮನೆತನದ ಸ್ವಂತ ಕಟ್ಟೆ. ಬಾಣಂತಿಕಟ್ಟೆ ಎಂಬ ಹೆಸರು ಕೇಳಿದೊಡನೆ ಪೇಟೆಯವರು ಮುಖ ಸಣ್ಣದು ಮಾಡಿಕೊಂಡು, ಯಾವ ಹೆಣ್ಣನ್ನು ಬಲಿ ಕೊಟ್ಟರು ಎಂದು ಕೇಳುತ್ತಾರೆ. ಬಲಿಯಿಲ್ಲದೆ ನಮ್ಮ ಕಡೆ ಕಟ್ಟೆಯೇ ನಿಲ್ಲುವುದಿಲ್ಲವೆಂದು ಇವರಿಗೆ ಯಾರು ಹೇಳಿಕೊಟ್ಟರೋ! ಇಲ್ಲಿ ಯಾರೂ ಸಾಯಲಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲ ಮುಗಿಯುತ್ತ ಬಂದಿದ್ದಾಗ, ಮರಿಚನ್ನೇಗೌಡನೆಂಬುವನು ತನ್ನ ಹೊಲದ ಹಳ್ಳಕ್ಕೆ ಅಡ್ಡಲಾಗಿ ಈ ಏರಿ ಹಾಕಿಸಿದನಂತೆ. ಗೌಡನ ಮನೆ ದಿಬ್ಬದ ಮೇಲೆ, ಹಟ್ಟಿ ಏರಿಯ ಕೆಳಗೆ. ತುಂಬಿದ ಮೇಲೆ ಹೆಚ್ಚಾದ ನೀರು ಹರಿದುಹೋಗಲೆಂದು ಪಕ್ಕದಲ್ಲಿ ಕೋಡಿ ಬಿಟ್ಟಿದ್ದರು. ಆ ನೀರು ಹರಿಯುವ ತಗ್ಗಿನಲ್ಲಿ ಮಣ್ಣು ಹದವಾಗಿದೆಯೆಂದು ಗೌಡ ಬಾಳೆ ಹಾಕಿದ. ಬಾಳೆ ಕೊಚ್ಚಿಹೋಗಬಾರದೆಂದು ಕೋಡಿಗೇ ಕಲ್ಲುಮಣ್ಣು ತುಂಬಿ ಮುಚ್ಚಿದ. ಅಲ್ಲಿಂದಾಚೆ ಹಟ್ಟಿಯವರ ನಿದ್ದೆ ಹಾರಿಹೋಯಿತು. ಮೋಡ ಕವಿದರೆ ಸಾಕು, ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಮೈಗೆ ಕಟ್ಟಿಕೊಂಡೇ ಮಲಗುತ್ತಿದ್ದರು ಎನ್ನುತ್ತಾರೆ. ಹೇಳಿಕೊಳ್ಳಲು ಹೋದವರನ್ನು ಕಂಡು ಗೌಡ ನಗುತ್ತಿದ್ದ. ಆನೆ ನಡೆದರೂ ತನ್ನ ಏರಿ ಅಲುಗದು ಎನ್ನುತ್ತಿದ್ದ.

ಅವನ ಒಬ್ಬಳೇ ಮಗಳು ಚಿಕ್ಕತಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಮಾಡಿಸಿದವಳು ಹಟ್ಟಿಯ ಸೂಲಗಿತ್ತಿ ಬೋರಮ್ಮ. ಮಗುವಿಗೆ ಹೆಸರಿಡುವ ದಿನ ಸೂಲಗಿತ್ತಿ ಕೇಳಿದ್ದನ್ನು ಕೊಡುವುದು ಆ ಸೀಮೆಯ ಪದ್ಧತಿ. ಸೀರೆಯೋ ಕಾಳೋ ಕೇಳಿಯಾಳೆಂದು ಗೌಡ ಕಾದಿದ್ದ. ಬೋರಮ್ಮ ಜನರೆಲ್ಲರ ಮುಂದೆ, "ನಂಗೇನೂ ಬ್ಯಾಡ ಗೌಡ್ರೇ. ಏರಿ ಗಟ್ಟಿ ಅಂತೀರಲ್ಲ, ಮಿಕ್ಕಿದ ಬಾಣಂತನವ ನಮ್ ಹಟ್ಟೀಲೇ ಮಾಡ್ಸಿ. ಏರಿ ಬುಡದ ಮನೆಯ ನಾನೇ ಸಾರ್ಸಿ ಕೊಡ್ತೀನಿ" ಎಂದಳು. ಇಲ್ಲವೆಂದರೆ ಏರಿ ಗಟ್ಟಿಯಿಲ್ಲವೆಂದು ತಾನೇ ಒಪ್ಪಿದಂತೆ. ಹೆಂಡತಿ ಅತ್ತರೂ ಗೌಡ ಮರ್ಯಾದೆಗೆ ಕಟ್ಟುಬಿದ್ದು ಮಗಳನ್ನು ಕಳಿಸಿದ.

ಚಿತ್ತೆ ಮಳೆ ಹಿಡಿಯಿತು. ದಿಬ್ಬದ ಮೇಲಿಂದ ಅಷ್ಟು ವರ್ಷ ನೀರನ್ನೇ ನೋಡಿ ಹಿಗ್ಗುತ್ತಿದ್ದ ಗೌಡನ ಕಣ್ಣಿಗೆ ಈಗ ಏರಿಯಾಚೆಯ ಒಂದು ಹುಲ್ಲಿನ ಸೂರು ಬಿಟ್ಟು ಬೇರೇನೂ ಕಾಣದು. ತಡೆಯಲಾರದೆ ನೆನೆಯುತ್ತ ಕೆಳಗೆ ಓಡಿದ. ಏರಿಯ ಬುಡದಲ್ಲಿ ಸದಾ ತಿಳಿಯಾಗಿ ಒಸರುತ್ತಿದ್ದ ನೀರು ಕೆಂಪಗೆ, ಮಣ್ಣು ಕಲಸಿಕೊಂಡು ಬರುತ್ತಿತ್ತು. ಏರಿಯ ಹೊಟ್ಟೆ ಒಳಗೊಳಗೇ ಕರಗುತ್ತಿತ್ತು. ಹಟ್ಟಿಯ ಗಂಡಸರನ್ನು ಕೂಗಿ ಕರೆದು, ಅವರ ಜೊತೆ ತಾನೂ ಹಾರೆ ಹಿಡಿದು, ಮುಚ್ಚಿದ್ದ ಕೋಡಿಯನ್ನು ಒಡೆದ. ನೀರು ಭೋರೆಂದು ನುಗ್ಗಿ ಗೊನೆ ಬಿಟ್ಟ ಬಾಳೆಯನ್ನೆಲ್ಲ ಬುಡಸಹಿತ ಹೊತ್ತೊಯ್ಯಿತು. ಸಂಜೆಯ ಹೊತ್ತಿಗೆ ಕಟ್ಟೆಯ ನೀರು ಇಳಿಯಿತು, ಒಸರು ತಿಳಿಯಾಯಿತು.

ಕೆಸರು ಮೈಯಲ್ಲೇ ಗೌಡ ಆ ಮನೆಯ ಹೊಸ್ತಿಲಲ್ಲಿ ನಿಂತು, "ಏಳವ್ವ, ಮಗೀನ ಎತ್ಕೊ, ಮನೆಗೋಗಾನ" ಎಂದ.

ಚಿಕ್ಕತಾಯಿ ಏಳಲಿಲ್ಲ. "ನಾ ಬರಾಕಿಲ್ಲ ಕಣಪ್ಪ. ನಾ ದಿಬ್ಬುಕ್ಕೆ ಬಂದ್ರೆ ನಿಂಗೆ ನಿದ್ದೆ ಬತ್ತದೆ. ನಂಗೆ ಅದೇ ಭಯ."

ಮಳೆಗಾಲ ಮುಗಿಯುವವರೆಗೂ ಅವಳು ಅಲ್ಲೇ ಇದ್ದಳು. ಕಟ್ಟೆಗೆ ಹೆಸರು ಬಿದ್ದದ್ದು ಆಗ. ಇಂದಿಗೂ ಆ ವಂಶದ ಹೆಣ್ಣುಮಕ್ಕಳ ಬಾಣಂತನ ಏರಿಯ ಬುಡದಲ್ಲೇ. ಹುಲ್ಲಿನ ಸೂರು ಹೋಗಿ ಹೆಂಚು ಬಂದಿದೆ, ಅಷ್ಟೆ. ಹೋದ ವರ್ಷ ಜಡಿಮಳೆಯಲ್ಲಿ ನಾನು ಅಲ್ಲಿಗೆ ಹೋದಾಗ ಮನೆಯೊಳಗೆ ಹಸುಗೂಸು ಅಳುತ್ತಿತ್ತು. ಹಟ್ಟಿಯವರು ಜಗಲಿಯಲ್ಲಿ ಕೂತು ಹುರಿಗಾಳು ಮೆಲ್ಲುತ್ತ ಹರಟುತ್ತಿದ್ದರು. ಈಗಿನ ಗೌಡರು ಮಾತ್ರ ಛತ್ರಿ ಹಿಡಿದು ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ನಾನು ಕೂಗಿ ಕರೆದರೂ ಬುಡದ ಒಸರಿನಿಂದ ಕಣ್ಣು ಕೀಳಲಿಲ್ಲ.