ಬೋರಲು ದೊನ್ನೆ

ಕೋಟೆಯ ಬೀಗದ ಕೈ ಯಾರಿಗೆ ಸೇರಬೇಕೆಂಬುದು ಆ ದಿನ ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು. ಮರುಳಯ್ಯ ಗುರುಗಳು ಮಾತ್ರ ಹೊಳೆಯ ದಂಡೆಯಲ್ಲಿ ಕೂತು ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ದೊನ್ನೆ ಕಟ್ಟುತ್ತಿದ್ದರು.

ಶಿಷ್ಯ ಕೇದಾರನಿಗೆ ಇದನ್ನು ನೋಡಿ ಮೈಯೆಲ್ಲ ಉರಿಯುತ್ತಿತ್ತು.

ಉರಿಯಲು ಕಾರಣವೂ ಇತ್ತು. ನಾಡಿನ ಅರಸ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಅಂದಿನಿಂದ ಕೋಟೆ ದಳವಾಯಿ ಜಕ್ಕಪ್ಪನ ವಶ. ಎದುರು ಮಾತಾಡಿದವರನ್ನು ಅವನು ಒಬ್ಬೊಬ್ಬರಾಗಿ ಕೋಟೆಯೊಳಗೆ ಕರೆಸಿಕೊಂಡ. ಹಾಗೆ ಹೋದವರು ಯಾರೂ ಹೊರಗೆ ಬರಲಿಲ್ಲ. ಅವರಲ್ಲಿ ಕೇದಾರನ ಅಣ್ಣ ವಿರೂಪನೂ ಒಬ್ಬ.

ಜನ ಗೊಣಗತೊಡಗಿದಾಗ ಜಕ್ಕಪ್ಪ ದೊಡ್ಡ ಮನಸ್ಸಿನವನಂತೆ ಒಂದು ಮಾತು ಕೊಟ್ಟ. ನಾಡನ್ನು ಹೇಗೆ ಆಳಬೇಕೆಂದು ನೀವೇ ಹೇಳಿ, ಎಲ್ಲರೂ ಒಪ್ಪಿದರೆ ಬೀಗದ ಕೈ ಕೊಡುತ್ತೇನೆ, ಒಬ್ಬರು ಬೇಡವೆಂದರೂ ಅದು ನನ್ನ ಸೊಂಟದಲ್ಲೇ ಇರುತ್ತದೆ ಎಂದ. ಇಷ್ಟು ಜನ ಒಂದೇ ಮಾತಿಗೆ ಒಪ್ಪುವುದು ಈ ಜನ್ಮದಲ್ಲಿ ಆಗದೆಂದು ಅವನ ಲೆಕ್ಕಾಚಾರ.

ಒಪ್ಪಿಗೆ ಕೇಳಲು ಆ ನಾಡಿನಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ಸಲಹೆ ತಂದವನೇ ಪಾನಕದ ಗಿಂಡಿ ಹಿಡಿದು ಪ್ರತಿಯೊಬ್ಬರ ಮುಂದೆ ಬಗ್ಗಬೇಕು. ಒಪ್ಪಿದವರು ದೊನ್ನೆ ಒಡ್ಡುತ್ತಾರೆ. ಒಪ್ಪದವರು ದೊನ್ನೆಯನ್ನು ನೆಲದ ಮೇಲೆ ಬೋರಲು ಹಾಕುತ್ತಾರೆ. ಎಲ್ಲರಿಗೂ ಬಡಿಸಿದ ಮೇಲೆ ಒಟ್ಟಿಗೆ ಕುಡಿಯುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಗುರುಗಳು ಕೇದಾರನನ್ನು ನಾನಾ ದೇಶಗಳಿಗೆ ಕಳಿಸಿದ್ದರು. ಅಲ್ಲಿ ಅಧಿಕಾರ ಯಾರ ಕೈಯಲ್ಲಿದೆ, ಜನ ಎಲ್ಲಿದ್ದಾರೆ, ನೋಡಿಕೊಂಡು ಬಾ ಎಂದಿದ್ದರು. ಅವನು ಹಿಂದಿನ ಸಂಜೆಯಷ್ಟೇ ಮರಳಿದ್ದ.

"ಹೇಳಪಾ" ಎಂದರು ಗುರುಗಳು, ಕೈಯಲ್ಲಿದ್ದ ಎಲೆಯಿಂದ ಕಣ್ಣೆತ್ತದೆ.

"ಗುಡ್ಡದ ಆಚೆ ಒಂದು ದೇಶ ಐತ್ರಿ ಅಪ್ಪಾರ. ಅಲ್ಲಿ ಎಲ್ಲಾ ಒಬ್ಬನ ಮಾತು. ಮುಂಜಾನೆ ರಸ್ತೆ ಆಗಲಿ ಅಂದ್ರ ಸಂಜಿಗೆ ಕಲ್ಲು ಬಂದು ಬೀಳ್ತಾವ."

"ಅವ ತಪ್ಪಿದ್ರ?"

"ತಪ್ಪೂದಿಲ್ಲ ಅಂತಾರ್ರಿ."

"ಯಾರು ಅಂತಾರ?"

"ಎಲ್ಲಾರೂ."

ಗುರುಗಳು ಇನ್ನೊಂದು ಕಡ್ಡಿ ಚುಚ್ಚಿದರು. "ಮುಂದ?"

"ಸಮುದ್ರದ ದಂಡಿಗೆ ಒಂದು ಪಟ್ಟಣ. ಅಲ್ಲಿ ದೊಡ್ಡ ಮನೆತನದ ಹಿರಿಯರು ಬಾಗಿಲು ಹಾಕ್ಕೊಂಡು ಕೂತು ಆಳ್ತಾರ. ಭಾಳ ಓದಿದವರ್ರಿ. ಎಲ್ಲಾ ಅಳೆದೂ ತೂಗಿ ಮಾತಾಡ್ತಾರ."

"ಹೊರಗ ನಿಂತವ್ರಿಗೆ ಏನು ಕಾಣ್ತದ?"

"ಬಾಗಿಲ ಕೆತ್ತನಿ ಛಲೋ ಐತ್ರಿ."

ಗುರುಗಳ ಮೀಸೆಯಡಿ ಏನೋ ಅಲುಗಿದಂತಾಯಿತು.

"ಹುಲ್ಲುಗಾವಲಿನ ಒಂದು ಸಣ್ಣ ದೇಶ ನೋಡಿದೆ. ಅರಸ ಇಲ್ಲ, ಹಿರಿಯರಿಲ್ಲ. ಎಲ್ಲಾರೂ ಬಯಲಾಗ ನಿಂತು ಕೈ ಎತ್ತತಾರ. ಉಪ್ಪಿನ ಸುಂಕಕ್ಕೂ ಕೈ, ಯುದ್ಧಕ್ಕೂ ಕೈ. ಕಣ್ಣಾಗ ನೀರು ಬಂತ್ರಿ ಅಪ್ಪಾರ. ಒಬ್ಬ ಕುಂಬಾರ ಮಾತ್ರ ಬ್ಯಾಡ ಅಂತ ನಿಂತಿದ್ದ."

"ಮರುದಿವಸ ಅವನ ಗಡಿಗಿ ಮಾರಿದ್ವಾ?"

ಕೇದಾರನಿಗೆ ಸಂತೆಯಲ್ಲಿ ಆ ಕುಂಬಾರ ನೊಣ ಹೊಡೆಯುತ್ತ ಕೂತದ್ದು ನೆನಪಾಯಿತು. ಅವನು ಬೇಗ ಮುಂದಿನ ಮಾತಿಗೆ ಹೋದ.

"ಕಡೀದು ಭಾಳ ದೊಡ್ಡ ದೇಶ. ಅಲ್ಲಿ ಅಧಿಕಾರ ಪಾಲು ಮಾಡ್ಯಾರ್ರಿ. ಕಟ್ಟಳಿ ಮಾಡವ್ರು ಒಬ್ಬರು, ನಡೆಸವ್ರು ಇನ್ನೊಬ್ಬರು, ನ್ಯಾಯ ಹೇಳವ್ರು ಬ್ಯಾರೆ. ಸೀಮಿ ಸೀಮಿಗೂ ತನ್ನ ಸಭಾ. ಒಬ್ಬರ ಜುಟ್ಟು ಇನ್ನೊಬ್ಬರ ಕೈಯಾಗ. ಆಳವ್ರನ್ನ ಜನಾನ ಆರಿಸ್ತಾರ, ಬ್ಯಾಸರಾದ್ರ ಇಳಿಸ್ತಾರ."

"ಛಲೋ ಆತಲ್ಲ."

"ಕೆಲಸ ನಿಧಾನರಿ. ಒಂದು ಸೇತುವಿ ಮಾತು ಮುಗಿಯೂದ್ರಾಗ ಜನ ಈಜ ಕಲ್ತಿದ್ರು. ಆರಿಸೂ ದಿವಸ ಎಲ್ಲಾರೂ ಎದ್ದು ಕೂಡ್ತಾರ, ಆಮ್ಯಾಲೆ ಮುಂದಿನ ಸಲದ ತನಕ ಮಲಗ್ತಾರ."

ಗುರುಗಳು ಈಗ ಬಾಯಿಬಿಟ್ಟು ನಕ್ಕರು. ಕೇದಾರನಿಗೆ ನಗು ಬರಲಿಲ್ಲ. ಅವನ ತಲೆಯ ತುಂಬ ಅಣ್ಣ ವಿರೂಪನೇ ಇದ್ದ.

"ಆ ದೇಶಗಳಾಗ ನೀ ಯಾರ ಮನಿಯಾಗ ಉಂಡಿ?"

"ಅರಮನಿಯಾಗ್ರಿ. ಇಲ್ಲಾ ಮಂತ್ರಿಗಳ ಮನಿಯಾಗ. ಅತಿಥಿ ಅಂತ ಭಾಳ ಚಂದ ನೋಡ್ಕೊಂಡ್ರು."

ಗುರುಗಳು ದೊನ್ನೆಗಳನ್ನು ಒಂದರೊಳಗೊಂದು ಜೋಡಿಸಿ ಎದ್ದರು. "ನಡಿ. ಹಂಡೆದಾಗ ಬೆಲ್ಲ ಕರಗೇತೇನು ನೋಡು."

ಮಧ್ಯಾಹ್ನದ ಹೊತ್ತಿಗೆ ಹೊಳೆಯ ಮರಳೆಲ್ಲ ಜನ. ಮನೆಗೊಬ್ಬರಂತೆ ಬಂದಿದ್ದರು. ಎಲ್ಲರ ಕೈಗೂ ಒಂದೊಂದು ದೊನ್ನೆ ಕೊಟ್ಟಾಗಿತ್ತು. ಸುತ್ತ ಈಟಿ ಹಿಡಿದ ಸೈನಿಕರು. ಜಕ್ಕಪ್ಪ ಮರದ ನೆರಳಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಕೇದಾರ ಎದ್ದು ನಿಂತ. ಊರಿಗೊಬ್ಬರನ್ನು ಊರವರೇ ಆರಿಸಿ ಸಭೆಗೆ ಕಳಿಸಬೇಕು ಎಂದ. ಸಭೆ ಕಟ್ಟಳೆ ಮಾಡಬೇಕು, ಅದನ್ನು ನಡೆಸುವವರು ಬೇರೆ ಇರಬೇಕು, ನ್ಯಾಯ ನೋಡುವವರು ಇಬ್ಬರಿಗೂ ಹೆದರಬಾರದು. ಸೈನ್ಯ ಸಭೆಯ ಮಾತು ಕೇಳಬೇಕು. ವಿಚಾರಣೆಯಿಲ್ಲದೆ ಯಾರನ್ನೂ ಕೂಡಿಹಾಕಬಾರದು.

ಕಡೆಯ ಮಾತಿಗೆ ಜನರೆಲ್ಲ ದಳವಾಯಿಯ ಕಡೆ ತಿರುಗಿದರು. ಜಕ್ಕಪ್ಪ ಆಕಳಿಸಿದ.

ಕೇದಾರ ಗಿಂಡಿ ಎತ್ತಿಕೊಂಡು ಮೊದಲ ಸಾಲಿಗೆ ಹೋದ. ಮೊದಲನೆಯ ಮುದುಕ ದೊನ್ನೆ ಒಡ್ಡಿದ. ಪಕ್ಕದವನೂ ಒಡ್ಡಿದ. ಸಾಲು ಮುಗಿಯಿತು, ಇನ್ನೊಂದು ಸಾಲು ಮುಗಿಯಿತು. ಗಿಂಡಿ ಬರಿದಾದಾಗಲೆಲ್ಲ ಹಂಡೆಗೆ ಓಡಿ ತುಂಬಿಸಿಕೊಂಡು ಬಂದ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಜಕ್ಕಪ್ಪ ಕಾಲು ಕೆಳಗಿಳಿಸಿ ನೆಟ್ಟಗೆ ಕೂತದ್ದನ್ನು ಅವನು ಓರೆಗಣ್ಣಲ್ಲಿ ಕಂಡ. ಇದು ಆಗಿಬಿಡುತ್ತದೆ ಎಂದು ಮೊದಲ ಸಲ ಅವನಿಗನ್ನಿಸಿತು.

ಉಳಿದದ್ದು ನೀರಿನಂಚಿನ ಕಡೆಯ ಸಾಲು. ಅದರ ತುದಿಯಲ್ಲಿ ಗುರುಗಳು ಕೂತಿದ್ದರು. ಗುರುಗಳ ಪಕ್ಕದಲ್ಲಿ ಹರಿಗೋಲು ನಡೆಸುವ ಅಂಬಿಗರ ನೀಲವ್ವ.

ನೀಲವ್ವನ ದೊನ್ನೆ ಮರಳ ಮೇಲೆ ಬೋರಲು ಬಿದ್ದಿತ್ತು.

ಕೇದಾರ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಯಾಕವ್ವಾ?"

"ಊರಿಗೊಬ್ಬರು ಅಂದ್ಯಲ್ಲ ತಮ್ಮಾ. ನಾವು ನಡುಗಡ್ಡಿಯಾಗ ಇರವ್ರು. ಹೊಳಿ ಏರಿದ್ರ ಆಕಡಿ, ಇಳಿದ್ರ ಈಕಡಿ. ನಮ್ಮದು ಯಾವ ಊರು?"

ಅಂಬಿಗರ ಯೋಚನೆ ಕೇದಾರನ ತಲೆಗೆ ಬಂದೇ ಇರಲಿಲ್ಲ. ಎಲ್ಲ ದೇಶಗಳಿಗೂ ಅವರ ಹರಿಗೋಲಿನಲ್ಲೇ ದಾಟಿ ಹೋಗಿದ್ದ.

"ಅದನ್ನ ನಾಳಿ ಸರಿ ಮಾಡೂಣವ್ವಾ. ನಾ ಮಾತು ಕೊಡ್ತೀನಿ. ಇವತ್ತ ಒಂದ ದಿವಸ ದೊನ್ನಿ ಎತ್ತು."

"ನಾಳಿ ಯಾರನ್ನ ಕೇಳ್ಲಿ? ಕೇಳೂ ಸಭಾದಾಗ ನಮ್ಮವ್ರು ಇರೂದ ಇಲ್ಲ."

"ನಮ್ಮ ಅಣ್ಣ ಒಳಗದಾನ" ಎಂದ ಕೇದಾರ.

ನೀಲವ್ವನ ಮುಖ ಮೆತ್ತಗಾಯಿತು. "ಗೊತ್ತೈತಿ. ಅವನ್ನ ನಾನೂ ಆಡಿಸೀನಿ. ಆದ್ರ ಇದಕ್ಕ ಹೂಂ ಅನ್ನಾಕ ನನಗ ಬರೂದಿಲ್ಲ."

ಸೂರ್ಯ ಆಚೆ ದಡದ ಮರಗಳಿಗೆ ತಾಗಿದ್ದ. ಕೇದಾರನ ಬೆನ್ನು ಜನರ ಕಡೆಗಿತ್ತು. ಅವನ ಕೈ ತಾನಾಗಿ ಮುಂದೆ ಹೋಯಿತು. ದೊನ್ನೆಯನ್ನು ಎತ್ತಿ ಮೇಲ್ಮುಖ ಮಾಡಿ ಇಟ್ಟಿತು. ಪಾನಕ ಸುರಿಯಿತು. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಪಾನಕ ಮರಳಿಗೇ ಬಿತ್ತು.

ನೀಲವ್ವ ದೊನ್ನೆಯನ್ನು ಮುಟ್ಟಲಿಲ್ಲ. ಅವನನ್ನೇ ನೋಡಿದಳು, ಅಷ್ಟೆ.

ಅವನು ಗುರುಗಳ ಮುಂದೆ ಬಗ್ಗಿದ. ಅವರು ದೊನ್ನೆ ಒಡ್ಡಿದರು. ಪಾನಕ ತುಂಬುವಾಗ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಕೇಳಿದರು.

"ನೀ ನೋಡಿ ಬಂದ ದೇಶಗಳೊಳಗ ಇದು ಯಾವುದು?"

ಕೇದಾರ ಗಿಂಡಿ ಹಿಡಿದು ಎದ್ದು ತಿರುಗಿದ. ಜಕ್ಕಪ್ಪ ಆಗಲೇ ಹತ್ತಿರ ಬಂದಿದ್ದ. ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಆದರೂ ನಾಡಿನ ಎದುರು ಕೊಟ್ಟ ಮಾತು. ಸೊಂಟದಿಂದ ಬೀಗದ ಕೈ ಬಿಚ್ಚಿ ಮುಂದೆ ಚಾಚಿದ.

"ತಗೋ. ನಿನ್ನ ಅಣ್ಣನ್ನ ಕರ್ಕೊಂಡು ಹೋಗು."

ಜನ ದೊನ್ನೆಗಳನ್ನು ತುಟಿಯ ಹತ್ತಿರ ತಂದು ಕಾಯುತ್ತಿದ್ದರು. ಕೈ ಚಾಚಿದರೆ ಸಾಕಿತ್ತು. ಕೇದಾರನಿಗೆ ಆ ಕಬ್ಬಿಣದ ತುಂಡು ಬೇಕಾಗಿದ್ದಷ್ಟು ಜೀವನದಲ್ಲಿ ಬೇರೇನೂ ಬೇಕಾಗಿರಲಿಲ್ಲ.

"ಕುಡೀಬ್ಯಾಡ್ರಿ" ಎಂದ ಅವನು. "ಒಂದು ದೊನ್ನಿ ಬೋರಲು ಇತ್ತು. ನಾನ ಎತ್ತಿ ಇಟ್ಟೆ."

ಜನ ದೊನ್ನೆಗಳನ್ನು ತುಟಿಯಿಂದ ಕೆಳಗಿಳಿಸಿದರು. ಆಮೇಲೆ ಜಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಬೀಗದ ಕೈ ಮತ್ತೆ ಸೊಂಟ ಸೇರಿತು.

"ಅಪ್ಪಾರ, ಛಲೋ ಶಿಷ್ಯನ್ನ ತಯಾರು ಮಾಡೀರಿ. ಇನ್ನ ಎಲ್ಲಾರೂ ಮನಿಗೆ ನಡೀರಿ."

ಜನ ಮನೆಗೆ ಹೋಗಲಿಲ್ಲ. ಯಾರದು ಆ ದೊನ್ನೆ ಎಂದು ಕೂಗಿದರು. ಅರ್ಧ ಪಾನಕದ ದೊನ್ನೆ ಕಣ್ಣಿಗೆ ಬಿತ್ತು. ಯಾರೋ ಒಂದು ಕಲ್ಲು ಎತ್ತಿಕೊಂಡರು. ಇನ್ಯಾರೋ ಅವಳನ್ನು ಹೊಳೆಗೆ ನೂಕಿ ಎಂದರು. ಕೇದಾರ ಓಡಿಬಂದು ನೀಲವ್ವನಿಗೆ ಅಡ್ಡ ನಿಂತ.

"ನನಗ ಹೊಡೀರಿ" ಎಂದ. "ತಪ್ಪು ನಂದು. ಆಕಿ ತನಗ ಅನ್ನಿಸಿದ್ದು ಹೇಳ್ಯಾಳ."

ನೀಲವ್ವ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಅವಳು ಮಾತಾಡಿದ್ದು ಜಕ್ಕಪ್ಪನ ಕಡೆ ತಿರುಗಿ.

"ನಾ ಬ್ಯಾಡ ಅಂದದ್ದು ಈ ಹುಡುಗನ ಕಟ್ಟಳಿಗೆ. ನಿನಗ ಹೂಂ ಅಂದಿಲ್ಲ ದಳವಾಯಿ. ನನ್ನ ಮಾತು ನಿನ್ನ ಜೋಳಿಗಿಗೆ ಹಾಕ್ಕೊಬ್ಯಾಡ."

ಕಲ್ಲು ಹಿಡಿದವನ ಕೈ ಕೆಳಗಿಳಿಯಿತು.

ಗುರುಗಳು ನಿಧಾನವಾಗಿ ಎದ್ದರು. ಕೇದಾರನ ಕೈಯಿಂದ ಗಿಂಡಿ ತೆಗೆದುಕೊಂಡು ಜಕ್ಕಪ್ಪನ ಮುಂದೆ ಹಿಡಿದರು.

"ಇವನ ಸಲಹಾ ಬಿತ್ತು. ಇನ್ನ ನಿಂದು. ಕೋಟಿ ಬೀಗದ ಕೈ ನನ್ನ ಕಡೆನ ಇರ್ತದ ಅಂತಿ. ಹೇಳಿದವನ ಬಡಸಬೇಕು."

ಜಕ್ಕಪ್ಪ ಸುತ್ತ ನೋಡಿದ. ನಾಡೆಲ್ಲ ನೋಡುತ್ತಿತ್ತು. ಗಿಂಡಿ ಬೇಡವೆಂದರೆ ಹೆದರಿದ ಎಂದಾಗುತ್ತದೆ. ಈಟಿಗಳ ನಡುವೆ ಯಾರು ತಾನೆ ಬೋರಲು ಹಾಕುತ್ತಾರೆ ಎಂದೂ ಅವನಿಗೆ ಧೈರ್ಯ. ಗಿಂಡಿಯನ್ನು ಕಿತ್ತುಕೊಂಡು ಮೊದಲ ಸಾಲಿಗೆ ಹೋದ.

ಮೊದಲನೆಯ ಮುದುಕನ ದೊನ್ನೆಯಲ್ಲಿ ಕೇದಾರ ಬಡಿಸಿದ ಪಾನಕ ಹಾಗೇ ಇತ್ತು. ಮುದುಕ ಜಕ್ಕಪ್ಪನ ಮುಖವನ್ನೊಮ್ಮೆ, ಈಟಿಗಳನ್ನೊಮ್ಮೆ ನೋಡಿದ. ಪಾನಕವನ್ನು ಮರಳಿಗೆ ಚೆಲ್ಲಿ, ದೊನ್ನೆಯನ್ನು ಬೋರಲು ಹಾಕಿದ.

ಜಕ್ಕಪ್ಪ ಪಕ್ಕದವನ ಮುಂದೆ ಬಗ್ಗಿದ. ಅಲ್ಲೂ ಬೋರಲು.

ಮೂರನೆಯವಳ ಹತ್ತಿರ ಅವನು ಹೋಗುವ ಮೊದಲೇ ಮರಳ ತುಂಬ ಸಣ್ಣ ಸದ್ದು ಎದ್ದಿತು. ಪಾನಕ ಚೆಲ್ಲುವ ಸದ್ದು, ಎಲೆ ನೆಲಕ್ಕೆ ತಾಗುವ ಸದ್ದು. ಅದು ಸಾಲಿನಿಂದ ಸಾಲಿಗೆ ಹೋಗಿ ನೀರಿನಂಚಿಗೆ ಮುಟ್ಟಿತು. ನೀಲವ್ವನದೂ ಬೋರಲಾಯಿತು. ಕೇದಾರನ ಕೈಯಲ್ಲಿ ದೊನ್ನೆ ಇರಲಿಲ್ಲ. ಗುರುಗಳು ತಮ್ಮದನ್ನು ಚೆಲ್ಲಿ ಅವನಿಗೆ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಬೋರಲು ಇಟ್ಟ.

ಜಕ್ಕಪ್ಪ ಗಿಂಡಿ ಹಿಡಿದು ನಡುವೆ ನಿಂತಿದ್ದ. ಸೈನಿಕರ ಕಡೆ ನೋಡಿದ. ಅವರು ನೆಲದ ಮೇಲಿನ ಎಲೆಗಳನ್ನು ನೋಡುತ್ತಿದ್ದರು. ಅವುಗಳಲ್ಲಿ ಅವರವರ ಮನೆಯವರವೂ ಇದ್ದವು.

"ಅಪ್ಪಾರ" ಎಂದ ಜಕ್ಕಪ್ಪ. ಅವನು ನಗಲು ನೋಡಿದ, ನಗು ಬರಲಿಲ್ಲ. "ಈ ಒಣ ಎಲಿ ನನ್ನ ತಡೀತಾವೇನು?"

ಮರುಳಯ್ಯ ಗುರುಗಳು ಬೋರಲಾದ ದೊನ್ನೆಗಳ ಸಾಲಿನತ್ತ ಕೈ ತೋರಿಸಿದರು.

"ಎಲಿ ಏನ ತಡೀತಾವಪಾ, ತಡಿಯೂದಿಲ್ಲ. ಒಂದ ಒಂದು ದೊನ್ನಿ ಎತ್ತಿ ಇಡೂದ್ರಾಗ ನನ್ನ ಶಿಷ್ಯನ ಕೈ ನಡುಗಿ ಹೋತು. ಇಷ್ಟೂ ದೊನ್ನಿ ಎತ್ತಿ ಇಡಾಕ ನೀ ಯಾವ ಕಡಿಂದ ಶುರು ಮಾಡ್ತಿ?"